ಗದ್ದುಗೆ ಕಂಬಳಿ

ಮುಳ್ಳು ಮತ್ತೆ ಏರತೊಡಗಿತ್ತು. ರಸ್ತೆ ನೋಡಬೇಕಾದ ಮಮತಾಳ ಕಣ್ಣು ಜಾರಿ ಜಾರಿ ಸ್ಟೇರಿಂಗಿನ ಹಿಂದೆ ಎಂಜಿನ್ನಿನ ಬಿಸಿ ತೋರಿಸುವ ಆ ಪುಟ್ಟ ಗಾಜಿನ ಬಿಲ್ಲೆಗೇ ಹೋಗುತ್ತಿತ್ತು. ಕೆರೆ ಏರಿಯ ಹತ್ತಿರ ಜೀಪು ನಿಲ್ಲಿಸಿ, ತಣಿಸಿ, ನೀರು ಕುಡಿಸಿ ಹೊರಟಾಗ ನಡುಮಧ್ಯಕ್ಕೆ ಇಳಿದು ಕೂತಿದ್ದ ಮುಳ್ಳು ಅದು. ಈಗ ಶಿರಾಳಕೊಪ್ಪ ದಾಟಿ ಆನವಟ್ಟಿ ರಸ್ತೆ ಹಿಡಿದು, ಒಂದು ಸಣ್ಣ ಏರು ಸಿಕ್ಕಿತೋ ಇಲ್ಲವೋ, ಕೆಂಪು ಗೆರೆಯ ಕಡೆ ಮುಖ ಮಾಡಿಬಿಟ್ಟಿತ್ತು. ಹಿಂದೆ ಗಾಡಿಮನೆ ತನ್ನ ಭಾರವನ್ನೆಲ್ಲ ಕೊಂಡಿಯ ಮೇಲೆ ಹಾಕಿ ಜೀಪನ್ನು ಜಗ್ಗುವುದು ಅವಳ ಬೆನ್ನಿಗೇ ತಿಳಿಯುತ್ತಿತ್ತು. ಎರಡು ಚಕ್ರದ ಮೇಲೆ ತಗಡಿನ ಗೋಡೆ, ತಗಡಿನ ಮಾಡು, ಒಳಗೆ ಒಂದು ಮಂಚ, ಒಲೆ ಇಡಲು ಕಟ್ಟೆ, ಎದುರುಬದುರು ಕಿಟಕಿ. ಕುರಿಮಂದೆಯ ಹಿಂದೆ ಹೊಲದಿಂದ ಹೊಲಕ್ಕೆ ಹೋಗಲೆಂದು ಶಿಕಾರಿಪುರದ ವೆಲ್ಡಿಂಗ್ ಅಂಗಡಿಯಲ್ಲಿ ಅವಳೇ ಎದುರು ನಿಂತು ಮಾಡಿಸಿದ ಮನೆ. ಅವಳು ಕೈ ಚಾಚಿ ಹೀಟರಿನ ಗುಂಡಿ ತಿರುಗಿಸಿದಳು. ಎಂಜಿನ್ನಿನ ಬಿಸಿಯನ್ನು ಒಂದಿಷ್ಟು ಈಚೆ ಎಳೆದುಕೊಂಡರೆ ಅದಕ್ಕೆ ಅಷ್ಟು ಹಗುರ ಎಂದು ಮೆಕ್ಯಾನಿಕ್ ಮಂಜಪ್ಪ ಹಿಂದೆಂದೋ ಹೇಳಿಕೊಟ್ಟಿದ್ದ. ಮಟಮಟ ಮಧ್ಯಾಹ್ನದಲ್ಲಿ ಬಿಸಿಗಾಳಿ ಭುಸ್ಸೆಂದು, ಪಕ್ಕದಲ್ಲಿ ಕೂತಿದ್ದ ಮಾವ ಕರಿಯಣ್ಣನ ಮೊಣಕಾಲಿಗೇ ನುಗ್ಗಿತು.

“ಬಿಸಿ ಆಯ್ತೇನು ಮಾವ?”

“ಮೊಣಕಾಲಿಗೆ ಒಳ್ಳೇದೇ ಬಿಡವ್ವ. ಆಸ್ಪತ್ರಿಗೆ ಹೋಗಿ ಶಾಖ ತಗಳ್ತಾರೆ ಮಂದಿ, ನಂಗೆ ಕುಂತಲ್ಲೇ ಸಿಕ್ತು.”

ಅವನ ಹಣೆಯಿಂದ ಇಳಿದ ಬೆವರು ಬಿಳಿ ಮೀಸೆಯಲ್ಲಿ ಬಂದು ನಿಂತಿತ್ತು. ರುಮಾಲಿನ ತುದಿಯಿಂದ ಒರೆಸಿಕೊಂಡ, ಅಷ್ಟೆ. ಮತ್ತೆ ಕಿಟಕಿಯಾಚೆಯ ಕೊಯ್ಲಾದ ಗದ್ದೆಗಳ ಕಡೆ ತಿರುಗಿ, ಯಾವುದರಲ್ಲಿ ಎಂಥ ಮೇವಿದೆ ಎಂದು ಅಂದಾಜು ಮಾಡುವವನಂತೆ ಕೂತ. ಅಯ್ಯೋ, ಇಂಥ ಮನುಷ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇಯಿಸುತ್ತಿದ್ದೇನಲ್ಲ ಎಂದುಕೊಂಡಳು ಮಮತಾ. ಒಂದು ಮಾತು ಆಡಿದ್ದರೆ ಈ ಬೇಗೆಯೇ ಇರುತ್ತಿರಲಿಲ್ಲ. ಆ ಒಂದು ಮಾತನ್ನು ಕೆರೆ ಏರಿಯಿಂದಲೂ ಅವಳು ಆಡಿರಲಿಲ್ಲ. ಯಾಕೆಂದರೆ ಕಾರಣ ಅವಳಿಗೆ ಗೊತ್ತಿತ್ತು. ಎಂಜಿನ್ನಿನಲ್ಲಿ ಏನೂ ಕೆಟ್ಟಿರಲಿಲ್ಲ. ಜೀಪಿನ ಮುಂಭಾಗಕ್ಕೆ ಅಡ್ಡಲಾಗಿ, ಗಾಳಿ ಒಳಗೆ ಹೋಗುವ ಜಾಲರಿಗೆ ಸರಿಯಾಗಿ, ಬಿಗಿಯಾಗಿ ಒಂದು ಕರಿ ಕಂಬಳಿ ಕಟ್ಟಿತ್ತು. ಕೂತಲ್ಲಿಂದ ಅವಳಿಗೆ ಕಾಣುತ್ತಿದ್ದುದು ಬಾನೆಟ್ಟಿನ ಆಚೆ ಕಬ್ಬಿಣದ ಕಂಬಿಗೆ ಹಾಕಿದ ಅದರ ಗಂಟು ಮಾತ್ರ. ಅರಿಸಿನದ ಭಂಡಾರ ಮೆತ್ತಿ ಹಳದಿಯಾದ ಆ ಗಂಟು ರಸ್ತೆಯ ಗುಂಡಿಗಳಿಗೆಲ್ಲ ತಲೆ ಅಲ್ಲಾಡಿಸುತ್ತಿತ್ತು. ಅದನ್ನು ಕಟ್ಟಿದವನು ಪಕ್ಕದಲ್ಲಿ ಕೂತಿದ್ದ ಈ ಮನುಷ್ಯನೇ.

ಬೆಳಿಗ್ಗೆ ಮನೆ ಮುಂದೆ ಗಾಡಿಗೆ ಪೂಜೆ ಮಾಡಿದಾಗ ಕೇರಿಯ ಜನವೆಲ್ಲ ಸೇರಿತ್ತು. ಗಾಡಿಮನೆಯ ಒಳಗೆ ಹೊಕ್ಕು ಮಂಚದ ಮೇಲೆ ಕೂತು ನೋಡುವವರು, ಕಿಟಕಿ ತೆಗೆದು ಹಾಕಿ ಮಾಡುವವರು, ತಗಡನ್ನು ಬೆರಳಿಂದ ಬಡಿದು ‘ಪರವಾಗಿಲ್ಲ’ ಅನ್ನುವವರು. ನಿಂಬೆಹಣ್ಣು ಕಟ್ಟಿಯಾಗಿತ್ತು, ಹೂವಿನ ಹಾರ ಬಿದ್ದಿತ್ತು. ಆಗಲೇ ಕರಿಯಣ್ಣನ ತಮ್ಮ ಚಿಕ್ಕಬೀರಪ್ಪ, ಎಲ್ಲರಿಗೂ ಕೇಳುವ ಹಾಗೆ, ನಗುನಗುತ್ತಲೇ ಅಂದದ್ದು: “ಅಲ್ಲಣ್ಣ, ಹುಟ್ಟಿದಾಗಿಂದ ಬಯಲಾಗೆ ಮಲಗಿದ ಮಂದಿ ನಾವು. ಈಗ ಸೊಸೆ ಎಳಕೊಂಡು ಹೋಗೋ ಡಬ್ಬಿಯಾಗೆ ಮಲಗ್ತೀಯೇನು ನೀನು?” ಜನ ಘೊಳ್ಳೆಂದು ನಕ್ಕರು. ನಗದವರೂ ಮಮತಾಳ ಕಡೆ ನೋಡಿದರು. ಆರತಿ ತಟ್ಟೆ ಹಿಡಿದ ಅವಳ ಕೈ ಎಲ್ಲಿಡಬೇಕೋ ತೋಚದೆ ಅಲ್ಲೇ ಗಾಳಿಯಲ್ಲಿ ನಿಂತುಬಿಟ್ಟಿತು. ಕರಿಯಣ್ಣ ತಮ್ಮನಿಗೆ ಬೆನ್ನು ತಿರುಗಿಸಿದ. ಒಳಗೆ ಹೋದ. ಈಚೆ ಬಂದಾಗ ಎರಡೂ ಕೈಮೇಲೆ ಗದ್ದುಗೆ ಕಂಬಳಿ ಇತ್ತು. ನಗು ನಿಂತಿತು. ಆ ಕಂಬಳಿ ಪೆಟ್ಟಿಗೆಯಿಂದ ಈಚೆ ಬರುವುದು ಮನೆದೇವರು ಬೀರಪ್ಪನ ಪೂಜೆಗೆ, ಮದುವೆ ಮಾತಿಗೆ, ಅಣ್ಣತಮ್ಮಂದಿರ ಜಗಳ ಹರಿಯುವುದಿದ್ದರೆ ಅದಕ್ಕೆ. ಹಾಸಿ ಭಂಡಾರ ಹಾಕಿದ ಮೇಲೆ ಮನೆಯ ಹಿರಿಯ ಅದರ ಮೇಲೆ ಕೂತು ಆಡಿದ್ದೇ ಮಾತು. ಮಕ್ಕಳು ಅಪ್ಪಿತಪ್ಪಿ ತುಳಿದರೆ ಬೈಗುಳ ತಪ್ಪಿದ್ದಲ್ಲ. ಹೆಂಗಸರಂತೂ ಸೆರಗು ಸಹ ತಾಗದ ಹಾಗೆ ಸುತ್ತು ಹಾಕಿ ಓಡಾಡುತ್ತಿದ್ದರು. ಅದರ ನೂಲನ್ನು ಕೂತು ಕೂತು ನೂತವಳು ಮಮತಾಳ ಅತ್ತೆ ಗುತ್ಯಮ್ಮ. ಅವಳೂ ಸಾಯುವ ತನಕ ಒಂದು ದಿನ ಅದರ ಮೇಲೆ ಕೂತವಳಲ್ಲ.

ಅಂಥ ಕಂಬಳಿಯನ್ನು ಕರಿಯಣ್ಣ ಮಡಿಕೆ ಮಾಡಿ, ಜೀಪಿನ ಮುಂದಿನ ಕಂಬಿಗೆ ಅಡ್ಡ ಹಿಡಿದು, ಹಗ್ಗ ಹಾಕಿ ಕಟ್ಟಿದ. ಹಿಂದೆ ಸರಿದು ನೋಡಿದ. ದೀಪಗಳು ಮುಚ್ಚಿಹೋಗಿದ್ದವು. ಮತ್ತೆ ಬಿಚ್ಚಿ, ಮಡಿಕೆ ಸಣ್ಣದು ಮಾಡಿ, ಎರಡೂ ದೀಪ ಕಾಣುವ ಹಾಗೆ ನಡುವಿಗೆ ಸರಿಸಿ ಕಟ್ಟಿದ. “ಕಣ್ಣು ಕಾಣ್ಬೇಕಲ್ಲ ಅದಕ್ಕೆ” ಅಂದ. ಭಂಡಾರ ಹಚ್ಚಿದ. ಆಮೇಲೆ ತಮ್ಮನ ಕಡೆ ತಿರುಗಿ, ದನಿ ಏರಿಸದೆ, “ಮುಂದೆ ಗದ್ದುಗೆ ಹೋಗುತ್ತೆ, ಹಿಂದೆ ಮನೆ ಬರುತ್ತೆ. ನಡುವೆ ನನ್ನ ಸೊಸೆ ಅದಾಳೆ. ಇನ್ನೇನು ಬೇಕಪ್ಪ ನಿಂಗೆ?” ಅಂದ. ಚಿಕ್ಕಬೀರಪ್ಪ ನೆಲ ನೋಡಿದ. ಮಮತಾಳ ಕಣ್ಣು ತುಂಬಿ ಬಂದು, ತುಂಬಿದ್ದು ಕಾಣಬಾರದೆಂದು ಜೀಪು ಹತ್ತಿಬಿಟ್ಟಳು. ಅವಳ ತವರಿನಲ್ಲಾಗಲಿ ಇಲ್ಲಿಯಾಗಲಿ ಯಾರೂ ಯಾವತ್ತೂ ಅವಳ ಪರವಾಗಿ ನಾಕು ಜನರ ಮುಂದೆ ಅಷ್ಟು ದೊಡ್ಡ ಮಾತು ಆಡಿರಲಿಲ್ಲ. ಈಗ ಆ ಮಾತೇ ಎಂಜಿನ್ನಿನ ಉಸಿರು ಕಟ್ಟಿಸುತ್ತಿದೆ ಎಂದು ಯಾವ ಬಾಯಲ್ಲಿ ಹೇಳುವುದು. ನಿಮ್ಮ ಕೈಯಾರೆ ಕಟ್ಟಿದ್ದನ್ನು ನೀವೇ ಬಿಚ್ಚಿ ಅನ್ನುವುದು ಹೇಗೆ. ಅವಳು ಗೇರು ಇಳಿಸಿದಳು. ಎಂಜಿನ್ ಗೊರಗೊರ ಅಂದಿತು, ಏರು ಮುಗಿಯಿತು, ಮುಳ್ಳು ಒಂದು ಕೂದಲಿನಷ್ಟು ಹಿಂದೆ ಬಂತು. ಸದ್ಯ ಎಂದುಕೊಂಡಳು.

ಕೆರೆ ಏರಿಯ ಹತ್ತಿರ ಮೊದಲ ಸಲ ಬುಸಬುಸ ಹೊಗೆ ಎದ್ದಾಗ ಅವಳಿಗೂ ಏನೂ ಹೊಳೆದಿರಲಿಲ್ಲ. ನೀರೇ ಖಾಲಿಯಾಗಿರಬೇಕೆಂದು ಬಾಟಲಿ ಹಿಡಿದು ಇಳಿದು ಓಡಿದ್ದಳು. ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಕರಿಯಣ್ಣ ಅವಳ ಮಣಿಕಟ್ಟು ಹಿಡಿದಿದ್ದ. “ತಡಿ. ತೇಕ್ತಾ ಇರೋದಕ್ಕೆ ನೀರು ಕೊಡಬಾರ್ದು. ಮೊದ್ಲು ಉಸಿರು ಹತೋಟಿಗೆ ಬರ್ಲಿ.” ಮುಚ್ಚಳ ಆಗಲೇ ತೆಗೆದಿದ್ದರೆ ಕುದಿಯುವ ನೀರು ಅವಳ ಮುಖಕ್ಕೇ ಚಿಮ್ಮುತ್ತಿತ್ತು, ಮಂಜಪ್ಪ ಅದನ್ನೂ ಹೇಳಿಕೊಟ್ಟಿದ್ದ, ಗಾಬರಿಯಲ್ಲಿ ಮರೆತಿದ್ದಳು. ಮಾವನಿಗೆ ಜೀಪಿನ ವಿಷಯ ಏನೂ ಗೊತ್ತಿಲ್ಲ. ಕುರಿಯ ವಿಷಯ ಗೊತ್ತು. ಅಷ್ಟರಿಂದಲೇ ಅವನು ಎಂಜಿನ್ನಿನ ಸುತ್ತ ಒಂದು ಸುತ್ತು ಬಂದ. ಅಂಗೈಯನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಡಿದು ಎಲ್ಲಿ ಬಿಸಿ, ಎಲ್ಲಿ ಬೆಚ್ಚಗೆ ಎಂದು ನೋಡುತ್ತ ಬಂದ. ಮಂದೆಯಲ್ಲಿ ಜ್ವರ ಬಂದ ಕುರಿಯನ್ನು ಅವನು ಹಿಡಿಯುವುದೂ ಹಾಗೆಯೇ. ನೂರಾರು ಕುರಿ ನುಗ್ಗಿ ಹೋಗುವಾಗ ನಡುವೆ ನಿಂತು, ಕೈ ಕೆಳಗೆ ಬಿಟ್ಟು, ಹಾದುಹೋಗುವ ಕಿವಿಗಳನ್ನು ಬೆರಳಿಗೆ ತಾಗಿಸಿಕೊಳ್ಳುತ್ತ, ಇದ್ದಕ್ಕಿದ್ದಂತೆ ಒಂದನ್ನು ಗಪ್ಪನೆ ಹಿಡಿದುಬಿಡುತ್ತಾನೆ. ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ಮೊದಲ ಸಲ ನೋಡಿ ಮಮತಾ ಕೊಡ ಹೊತ್ತಲ್ಲೇ ನಿಂತುಬಿಟ್ಟಿದ್ದಳು. ಎಂಥಾ ಕೈಯಪ್ಪಾ ಇದು ಎಂದುಕೊಂಡಿದ್ದಳು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

“ನಿನ್ನೆ ಶಿರಾಳಕೊಪ್ಪಕ್ಕೆ ಹೋಗಿ ಬಂದ್ಯಲ್ಲ, ಆವಾಗ ಹಿಂಗಾಗಿತ್ತೇನು?” ಅಂದಿದ್ದ ಕರಿಯಣ್ಣ.

“ಇಲ್ಲ ಮಾವ. ನಿನ್ನೆ ಬರೀ ಜೀಪು.”

“ಹೂಂ. ಹಂಗಾದ್ರೆ ರೋಗ ಹಳೇದಲ್ಲ. ಇವತ್ತು ಏನು ಹೊಸ್ದೋ ಅದ್ರಾಗೇ ಐತೆ.”

ಅವನು ಇಷ್ಟು ಅಂದು ಹಿಂದಿನ ಗಾಡಿಮನೆಯ ಕಡೆ ನೋಡಿದ್ದ. ಮಮತಾ ಮಂಜಪ್ಪನಿಗೆ ಫೋನು ಹಚ್ಚಿದ್ದಳು. ಮಂಜಪ್ಪ ಬೇರೊಂದು ಗಾಡಿಯ ಕೆಳಗೆ ಮಲಗಿಕೊಂಡೇ ಮಾತಾಡುತ್ತಿದ್ದನೆಂದು ತೋರುತ್ತದೆ, ಅವನ ದನಿ ಡಬ್ಬದೊಳಗಿಂದ ಬಂದಂತೆ ಬರುತ್ತಿತ್ತು. ನೀರು ಸೋರಿದೆಯೇ, ಬೆಲ್ಟು ಬಿಗಿ ಇದೆಯೇ, ಫ್ಯಾನು ತಿರುಗುತ್ತಿದೆಯೇ ಎಂದು ಕೇಳಿದ. ಆಯಿಲ್ ಕಡ್ಡಿ ಎಳೆದು ನೋಡಿ, ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ದೊಡ್ಡ ಕೆಲಸ ಅಂದ. ಆಯಿಲ್ ಕಪ್ಪಗೇ ಇತ್ತು, ಪುಣ್ಯ. ರೇಡಿಯೇಟರಿನ ಮೇಲಿನ ಪೈಪು, ಕೆಳಗಿನ ಪೈಪು ಎರಡನ್ನೂ ಮುಟ್ಟಿ ನೋಡಿ ಅಂದ. ಮಮತಾ ಕೇಳಿದ್ದನ್ನು ಬಾಯಲ್ಲಿ ಹೇಳುತ್ತ ಹೋದಂತೆ ಕರಿಯಣ್ಣ ಮುಟ್ಟಿ ನೋಡುತ್ತ ಹೋದ. “ಎರಡೂ ಒಂದೇ ಬಿಸಿ. ಮ್ಯಾಲಿಂದ ಕೆಳಕ್ಕೆ ಬಂದ್ರೂ ಆರಿಲ್ಲ ಅದು” ಅಂದ. ಅವಳು ಅದನ್ನೇ ಫೋನಿಗೆ ಹೇಳಿದಳು.

“ಹಂಗಾದ್ರೆ ನೀರು ಓಡಾಡ್ತೈತಕ್ಕ, ಬಿಸಿ ಕಳಕೊಳ್ತಿಲ್ಲ. ಗಾಳಿ ಸಿಗ್ತಿಲ್ಲ ಅದಕ್ಕೆ,” ಅಂದಿದ್ದ ಮಂಜಪ್ಪ. “ಬರೀ ಗಾಡಿಗೆ ಹೆಂಗೋ ನಡೆಯುತ್ತೆ, ಹಿಂದೆ ಭಾರ ಕಟ್ಟಿದ್ರೆ ತಡಿಯಲ್ಲ. ಮುಂದೆ ಜಾಲರಿಗೆ ಏನಾದ್ರೂ ಮುಚ್ಚಿದೀರೇನ್ರಿ? ಚೀಲ, ಟಾರ್ಪಾಲು, ಏನಾದ್ರೂ?”

ಆ ಕ್ಷಣದಲ್ಲೇ ಅವಳ ಮೂಗಿಗೆ ವಾಸನೆ ಬಡಿದಿತ್ತು. ಬಿಸಿಯಾದ ಉಣ್ಣೆಯ ವಾಸನೆ. ಅಷ್ಟು ಹೊತ್ತೂ ಅಲ್ಲೇ ಇದ್ದ ವಾಸನೆ. ಹುಟ್ಟಿದಾಗಿಂದ ಉಣ್ಣೆಯಲ್ಲೇ ಬೆಳೆದ ಮೂಗಾದ್ದರಿಂದ ಅದು ಬೇರೆಯೆಂದು ಗೊತ್ತೇ ಆಗಿರಲಿಲ್ಲ. ಕಂಬಳಿಯನ್ನು ನೋಡಿದಳು. ಕಂಬಳಿಯ ಪಕ್ಕದಲ್ಲಿ, ಪೈಪು ಮುಟ್ಟಿ ಮಸಿಯಾದ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ನಿಂತ ಮಾವನನ್ನು ನೋಡಿದಳು. “ಏನಿಲ್ಲ” ಅಂದುಬಿಟ್ಟಳು. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಮಂಜಪ್ಪ “ಹಂಗಾದ್ರೆ ನಂಗೂ ತಿಳೀವಲ್ದು, ನಿಧಾನ ಹೋಗ್ರಿ” ಎಂದು ಫೋನಿಟ್ಟಿದ್ದ. ಏನಂತೆ ಎಂದು ಕರಿಯಣ್ಣ ಕೇಳಿದ್ದಕ್ಕೆ “ಭಾರ ಜಾಸ್ತಿ ಆಗಿರ್ಬೋದಂತೆ ಮಾವ” ಅಂದಿದ್ದಳು. ಅವನು ಹೂಂ ಅಂದಿದ್ದ.

ಆ ಹೂಂ ಈಗ ಹೀಟರಿನ ಗಾಳಿಯ ಜೊತೆ ಅವಳ ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ಬಂದಳಿಕೆಗೆ ತಿರುಗುವ ಹಾದಿಯ ಬೋರ್ಡು ಹಿಂದೆ ಹೋಯಿತು. ಜೋಳದ ತೆನೆ ತುಂಬಿದ ಟ್ರ್ಯಾಕ್ಟರೊಂದು ಅವಳನ್ನು ಹಿಂದೆ ಹಾಕಿ ಹೋಯಿತು. ಟ್ರ್ಯಾಕ್ಟರಿಗೂ ಸೋತೆವಲ್ಲ ಎಂದು ಅವಳಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಜೀಪು ಕಲಿತದ್ದು ಇಂಥದೇ ಕೊಯ್ದ ಗದ್ದೆಯಲ್ಲಿ. ಗಂಡ ಹರೀಶ ಪಕ್ಕದಲ್ಲಿ ಕೂತು ‘ಕ್ಲಚ್ಚು, ಕ್ಲಚ್ಚು’ ಎಂದು ಕೂಗಿ ಕೂಗಿ ಸಾಕಾಗಿ ಇಳಿದು ಹೋಗಿದ್ದ. ಆಗ ಕರಿಯಣ್ಣ ಬಂದು ಜೀಪಿನ ಎದುರು, ಸ್ವಲ್ಪ ದೂರದಲ್ಲಿ, ಕೋಲೂರಿ ನಿಂತ. “ಬಾ, ನನ್ನ ಕಡೆಗೇ ಬಾ” ಅಂದ. ಪಕ್ಕಕ್ಕೆ ಸರೀರಿ ಮಾವ ಎಂದು ಅವಳು ಅತ್ತೇಬಿಟ್ಟಿದ್ದಳು. “ಗದ್ದೆ ಬದುವಿಗೆ ಹೊಡೆದ್ರೆ ನಿಂಗೇನೂ ಅನ್ನಿಸಲ್ಲ. ನಾನು ನಿಂತ್ರೆ ಹೊಡಿಯಲ್ಲ ನೀನು. ಬಾ.” ಅವಳು ಹೋದಳು. ಅವನ ಕೋಲು ಬಂಪರಿಗೆ ತಾಗುವಷ್ಟು ಹತ್ತಿರ ಹೋಗಿ ನಿಲ್ಲಿಸಿದಳು. ಆ ಮನುಷ್ಯ ಒಂದು ಹೆಜ್ಜೆ ಹಿಂದೆ ಇಟ್ಟಿರಲಿಲ್ಲ. ತನ್ನನ್ನು ಅಷ್ಟು ನಂಬಿದವನಿಗೆ ತಾನೀಗ ಒಂದು ನಿಜ ಹೇಳಲಾರದೆ ಕೂತಿದ್ದೇನಲ್ಲ. ನಂಬುವುದು ಅವನಿಗೆ ಎಷ್ಟು ಸುಲಭ, ತನಗೆ ಎಷ್ಟು ಕಷ್ಟ.

ಗಾಡಿಮನೆಯ ಆಸೆ ಹುಟ್ಟಿದ್ದೂ ಅವನಿಂದಲೇ. ಸೊರಬದ ಕಡೆ ಮಂದೆ ಇಳಿದಿದ್ದಾಗ ಕಾಲವಲ್ಲದ ಕಾಲದಲ್ಲಿ ಮಳೆ ಹೊಡೆದಿತ್ತು. ಬೆಳಿಗ್ಗೆ ಬುತ್ತಿ ತೆಗೆದುಕೊಂಡು ಹೋದ ಮಮತಾ ಕಂಡದ್ದು, ಬೋಳು ಗದ್ದೆಯ ನಡುವೆ ಕುಕ್ಕರಗಾಲಲ್ಲಿ ಕೂತ ಮಾವ. ಮೈಮೇಲೆ ಒದ್ದೆ ಅಂಗಿ ಬಿಟ್ಟರೆ ಏನಿಲ್ಲ. ಹೊದೆಯುವ ಕಂಬಳಿ ಪಕ್ಕದಲ್ಲಿ ಗುಡಾರದ ಹಾಗೆ ನಿಂತಿತ್ತು. ಅದರೊಳಗೆ ಆಗಷ್ಟೇ ಹುಟ್ಟಿದ ಮರಿಗಳು ಬೆಚ್ಚಗೆ ಮಿಸುಕಾಡುತ್ತಿದ್ದವು. “ಅವಕ್ಕೆ ಏನೂ ಆಗಿಲ್ಲ ನೋಡು” ಎಂದು ನಕ್ಕ ಅವನು ಆಮೇಲೆ ಎಷ್ಟೋ ದಿನ ಕೆಮ್ಮಿದ. ಮನೆಯಲ್ಲಿರು ಎಂದರೆ ಇರುವವನಲ್ಲ. ಮನೆಯನ್ನೇ ಅವನ ಹಿಂದೆ ಕಳಿಸಿದರೆ ಹೇಗೆ ಎಂದು ಅವಳು ಮೊದಲು ಹೇಳಿದಾಗ ಹರೀಶ ನಕ್ಕ, ಚಿಕ್ಕಬೀರಪ್ಪ ಅಣಕಿಸಿದ. ಕರಿಯಣ್ಣ ಕೇಳಿದ್ದು ಒಂದೇ: “ಮರಿಗೂ ಜಾಗ ಐತೇನವ್ವ ಅದ್ರಾಗೆ?” ಅದಕ್ಕೇ ಮಂಚದ ಕೆಳಗೆ ಜಾಲರಿ ಬಾಗಿಲಿನ ಗೂಡು ಮಾಡಿಸಿದ್ದಳು. ಬೆಳಿಗ್ಗೆ ಬಂದು ನೋಡಿದ ಜನರಲ್ಲಿ ಆ ಗೂಡು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವನು ಮಾತ್ರ ಬಗ್ಗಿ, ಕೈ ಒಳಗೆ ಹಾಕಿ, ಚೂಪು ಎಲ್ಲಾದರೂ ಉಳಿದಿದೆಯೇ ಎಂದು ಸವರಿ ನೋಡಿದ್ದ.

ಮುಂದಿನ ಏರು ಅಷ್ಟೇನೂ ದೊಡ್ಡದಲ್ಲ. ಅದರ ನಡುವಿಗೆ ಬರುವಷ್ಟರಲ್ಲಿ ಮುಳ್ಳು ಕೆಂಪು ಗೆರೆಗೆ ಹೋಗಿ ಅಂಟಿಕೊಂಡಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದು ಗಾಜಿಗೆ ಬಡಿಯಿತು. ಮಮತಾ ರಸ್ತೆಯ ಅಂಚಿಗೆ ಎಳೆದು, ಎಂಜಿನ್ ಆರಿಸಿ, ಗಾಡಿಮನೆಯ ಚಕ್ರಕ್ಕೆ ಕಲ್ಲು ಕೊಟ್ಟಳು. ಹಿಂದೆ ಬಂದ ಬಸ್ಸು ನಿಧಾನಿಸಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, “ಏನಕ್ಕಾ, ಗಂಡಸ್ರು ಯಾರೂ ಇಲ್ವೇನ್ರಿ ಗಾಡಿಯಾಗೆ?” ಅಂದ. ಮಾವ ಕಣ್ಣೆದುರೇ ನಿಂತಿದ್ದ. ಇಬ್ಬರನ್ನೂ ಒಂದೇ ಮಾತಲ್ಲಿ ತೆಗೆದುಹಾಕಿದ ಆ ಹುಡುಗನ ಮೇಲೆ ಅವಳಿಗೆ ಉರಿ ಹತ್ತಿತು. ಕರಿಯಣ್ಣನಿಗೆ ಏನೂ ಆದಂತಿರಲಿಲ್ಲ. “ಅದಾಳಲ್ಲಪ್ಪ ಡ್ರೈವರು, ಕಾಣಲ್ವ? ಅವ್ಳಿದ್ರೆ ಆಯ್ತು, ನೀ ಮೆಲ್ಲಕೆ ಹೋಗು” ಅಂದ. ಬಸ್ಸಿನೊಳಗೆ ಯಾರೋ ನಕ್ಕರು, ಬಸ್ಸು ಹೋಯಿತು. ಅಷ್ಟರಲ್ಲಿ ಹರೀಶನ ಫೋನು. ಕುಬಟೂರಿನ ಹತ್ತಿರದ ಗದ್ದೆಯಲ್ಲಿ ಮಂದೆ ತರುಬಿಕೊಂಡು ಅವನು ಕಾಯುತ್ತಿದ್ದ. “ಎಲ್ಲಿದೀರಿ? ಚಿಕ್ಕಪ್ಪ ಬೈಕಲ್ಲಿ ಬಂದು ಆಗ್ಲೇ ಇಲ್ಲಿ ಕುಂತವ್ನೆ. ಗಾಡಿಮನೆ ಬರುತ್ತೋ ಇಲ್ವೋ ನೋಡೇ ಹೋಗ್ತೀನಿ ಅಂತಾನೆ.” ಬರ್ತೀವಿ ಎಂದು ಹೇಳಿ ಇಟ್ಟಳು. ದಾರಿಯಲ್ಲಿ ಎಲ್ಲೋ ಚಿಕ್ಕಬೀರಪ್ಪನ ಬೈಕು ತಮ್ಮನ್ನು ದಾಟಿ ಹೋಗಿರಬೇಕು.

ಅವಳು ತೀರ್ಮಾನ ಮಾಡಿದಳು. ಕಂಬಳಿಯ ಮಾತು ಬೇಡ. ಬೇರೆ ದಾರಿ ಇತ್ತು, ಅದು ತನ್ನ ಕೈಲೇ ಇತ್ತು.

“ಮಾವ, ಗಾಡಿಮನೆ ಇಲ್ಲೇ ಬಿಚ್ಚಿ ಬಿಡಾನ,” ಅಂದಳು. “ಯಾರದಾದ್ರೂ ತೋಟದ ಮನೆ ಮುಂದೆ ನಿಲ್ಲಿಸಿ ಹೋಗಾನ. ಬರೀ ಜೀಪಾದ್ರೆ ಊರು ಮುಟ್ಟುತ್ತೆ. ಭಾರ ನಂಗೆ ಅಂದಾಜು ಸಿಗಲಿಲ್ಲ. ತಗಡು ದಪ್ಪಂದು ಹಾಕಿಸಬಾರ್ದಿತ್ತು. ತಪ್ಪು ನಂದೇ.”

ಹೇಳುವಾಗ ದನಿ ಒಡೆಯಿತು. ಕರಿಯಣ್ಣ ಅವಳನ್ನು ನೋಡಿದ. ಜ್ವರದ ಕುರಿಯನ್ನು ಹಿಡಿಯುವ ಮುಂಚೆ ಅವನ ಕಣ್ಣು ಹೀಗೇ ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ಜೀಪಿನ ಮುಂದಕ್ಕೆ ಹೋದ. ಕಂಬಳಿಯ ಮೇಲೆ ಅಂಗೈ ಇಟ್ಟ. ಇಟ್ಟ ಕೈ ತೆಗೆಯಲಿಲ್ಲ. ಬಗ್ಗಿ ಮೂಸಿದ. ಹಬೆ ಅವನ ರುಮಾಲಿನ ಸುತ್ತ ಸುಳಿದು ಹೋಯಿತು. ಅವನು ಗಂಟಿಗೆ ಕೈ ಹಾಕಿದಾಗ ಮಮತಾ, ಯಾಕೋ, “ಬ್ಯಾಡ ಮಾವ” ಅಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಬೆಳಿಗ್ಗೆ ಬಿಗಿದದ್ದು, ಬಿಸಿಗೆ ಇನ್ನೂ ಬಿಗಿಯಾಗಿತ್ತು. ಉಗುರಿಂದ ಆಗದೆ ಹಲ್ಲಿಂದ ಸಡಿಲಿಸಿದ. ಅವನ ಮೀಸೆಗೆ ಭಂಡಾರ ಮೆತ್ತಿತು. ಕಂಬಳಿ ಈಚೆ ಬಂತು. ಹಿಂದಿದ್ದ ಜಾಲರಿ ಕಂಡಿತು, ಜಾಲರಿಯ ಹಿಂದೆ ರೇಡಿಯೇಟರು, ಗಾಳಿಗೆಂದೇ ಮಾಡಿದ ಅದರ ನೂರೆಂಟು ಸಂದಿಗಳು.

“ಕಣ್ಣು ಬಿಟ್ಟೆ, ಮೂಗು ಮುಚ್ಚಿದೆ ನೋಡು,” ಅಂದ ಕರಿಯಣ್ಣ. “ಎಪ್ಪತ್ತು ದಾಟಿದೋನು ನಾನು. ಕುರಿಗೆ ಇಂಥ ತಪ್ಪು ಮಾಡಿಲ್ಲ ಒಂದಿನ.”

ಮಮತಾ ಜಾಲರಿಗೆ ಅಂಟಿದ ಒಂದು ಉಣ್ಣೆಯ ಎಳೆ ಕಿತ್ತಳು.

“ಆ ಮಂಜಪ್ಪ ಫೋನಾಗೆ ಕೇಳಿದ್ದು ಇದನ್ನೇ ಅಲ್ವೇನು?”

ಅವಳು ತಲೆ ತಗ್ಗಿಸಿದಳು.

“ನೀ ಏನಿಲ್ಲ ಅಂದಾಗ ನಿನ್ನ ಕಣ್ಣು ಕಂಬಳಿ ಮ್ಯಾಲಿತ್ತು,” ಅಂದ ಅವನು. “ಆವಾಗ್ಲೇ ನಂಗೆ ಸಂಶಯ ಬಂತು. ಉಣ್ಣೆ ಸೀದ ವಾಸನಿ ನಂಗೆ ಗೊತ್ತಾಗಲ್ವ? ಗೊತ್ತಾದ್ರೂ ಜೀಪು ಹತ್ತಿ ಕುಂತೆ. ಮೊಣಕಾಲು ಬೇಯಿಸ್ಕಂಡು ಇಲ್ಲೀ ತನಕ ಬಂದೆ, ಬಾಯಿ ಬಿಡ್ಲಿಲ್ಲ. ಎಲ್ಲರ ಮುಂದೆ ಕಟ್ಟಿದ್ನಲ್ಲ. ನೀನು ಸುಮ್ನಿದ್ದದ್ದು ಮರ್ಯಾದಿ. ನಾನು ಸುಮ್ನಿದ್ದದ್ದು ಜಂಬ ಕಣವ್ವ, ಬರೀ ಜಂಬ. ಆ ಜಂಬಕ್ಕೆ ನೀನು ಗಾಡಿಮನೆ ಬಿಟ್ಟು ಹೋಗಾನ ಅಂತಿದ್ದೆ.”

ಮಮತಾಳಿಗೆ ಅಳು ತಡೆಯಲಾಗಲಿಲ್ಲ, ಅತ್ತಳು. ಇಷ್ಟು ವಯಸ್ಸಾದ ಗಂಡಸು ಸೊಸೆಯ ಮುಂದೆ ನಿಂತು ಹೀಗೆ ಮಾತಾಡಿದ್ದನ್ನು ಅವಳು ಯಾವ ಮನೆಯಲ್ಲೂ ಕಂಡಿರಲಿಲ್ಲ, ಕೇಳಿರಲಿಲ್ಲ. ಬೆಳಿಗ್ಗೆ ಎಲ್ಲರೆದುರು ಕಟ್ಟಿದ್ದು ದೊಡ್ಡದೆಂದುಕೊಂಡಿದ್ದಳು. ಯಾರೂ ಇಲ್ಲದ ಈ ರಸ್ತೆಯಲ್ಲಿ ಬಿಚ್ಚಿದ್ದು ಅದಕ್ಕಿಂತ ದೊಡ್ಡದು. ಸೆರಗಿನಿಂದ ಮುಖ ಒರೆಸಿಕೊಂಡು, ಬಟ್ಟೆ ಹಿಡಿದು, ಮುಚ್ಚಳ ತೆಗೆಯಲು ಹೋದಳು. “ತಡಿ, ಇನ್ನೂ ತೇಕ್ತೈತೆ” ಅಂದ. ಇಬ್ಬರೂ ಗಾಡಿಮನೆಯ ನೆರಳಲ್ಲಿ ಕೂತರು. ಅವಳು ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿಯುತ್ತ ಅವನು ಎದ್ದೆದ್ದು ಹೋಗಿ ಜಾಲರಿಯ ಮುಂದೆ ಅಂಗೈ ಹಿಡಿದು ನೋಡಿ ಬರುತ್ತಿದ್ದ. ಹಬೆ ನಿಂತಿತು. ಕಬ್ಬಿಣ ಟಿಕ್ ಟಿಕ್ ಎಂದು ತಣಿಯುವ ಸದ್ದು ಕೇಳಿಸಿತು. ಕೊನೆಗೊಮ್ಮೆ ಅವನೇ, “ಈಗ ಕುಡಿಸು” ಅಂದ. ಅವಳು ನೀರು ತುಂಬಿಸಿದಳು. ಎಂಜಿನ್ ಚಾಲು ಮಾಡಿ ನಿಂತಲ್ಲೇ ಬಿಟ್ಟು ನೋಡಿದಳು. ಫ್ಯಾನಿನ ಗಾಳಿಗೆ ಜಾಲರಿಗೆ ಸಿಕ್ಕಿಕೊಂಡಿದ್ದ ಉಣ್ಣೆಯ ಎಳೆಗಳು ಒಳಕ್ಕೆ ವಾಲಿಕೊಂಡು ಅಲ್ಲಾಡಿದವು. ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು.

ಕಲ್ಲು ತೆಗೆದು ಬಂದು ನೋಡಿದರೆ ಡ್ರೈವರ್ ಕಡೆಯ ಬಾಗಿಲು ತೆರೆದಿತ್ತು. ಕರಿಯಣ್ಣ ಅವಳ ಸೀಟಿನ ಮೇಲೆ ಕಂಬಳಿ ಹಾಸುತ್ತಿದ್ದ. ಮಡಿಕೆ ಸರಿ ಮಾಡಿದ, ಸುಕ್ಕು ಎಳೆದ, ಅಂಚನ್ನು ಬೆನ್ನಿನ ಕಡೆಗೆ ಸಿಕ್ಕಿಸಿದ. ಮನೆಯಲ್ಲಿ ತಾನು ಕೂರುವ ಮುಂಚೆ ಹಾಸುವಾಗ ಎಷ್ಟು ಜತನವೋ ಅಷ್ಟೇ ಜತನ.

“ಮಾವ, ಅದು ಗದ್ದುಗೆ. ನಾ ಹೆಂಗೆ ಕೂರ್ಲಿ ಅದ್ರ ಮ್ಯಾಲೆ?”

“ಮನೆ ಎಳೆಯೋರು ಯಾರು? ನಾನಾ, ನೀನಾ?”

“ಚಿಕ್ಕಮಾವ ಅಲ್ಲಿ ಕುಂತವ್ರೆ. ನೋಡ್ತಾರೆ.”

“ನೋಡ್ಲಿ ಅಂತ್ಲೇ ಹಾಸಿದ್ದು.” ಕರಿಯಣ್ಣ ಕಂಬಳಿಯನ್ನು ಇನ್ನೊಮ್ಮೆ ಸವರಿದ. ಅವನ ಕೈ ಅಲ್ಲೇ ನಿಂತಿತು. “ನೂತೋಳು ಕೂರ್ಲಿಲ್ಲ ಇದ್ರ ಮ್ಯಾಲೆ. ಕೂರ್ತೀನಿ ಅಂತ ಆಕಿ ಕೇಳ್ಲಿಲ್ಲ, ಕೂರು ಅಂತ ನಾನೂ ಅನ್ಲಿಲ್ಲ. ನೀನಾದ್ರೂ ಕೂರವ್ವ.”

ಅವನು ಆಚೆ ಕಡೆಯಿಂದ ಹತ್ತಿ ತನ್ನ ಜಾಗದಲ್ಲಿ ಕೂತ. ಮಮತಾ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಚಪ್ಪಲಿ ಬಿಟ್ಟು, ಅದನ್ನು ಕೈಲಿ ಎತ್ತಿ ಕಾಲ ಬಳಿ ಇಟ್ಟುಕೊಂಡು, ಹತ್ತಿ ಕೂತಳು. ಉಣ್ಣೆ ಸೀರೆಯ ಮೂಲಕವೂ ಚುರುಗುಟ್ಟಿತು.

“ಇನ್ನೂ ಬಿಸಿ ಐತೆ ಮಾವ.”

“ಇರ್ಲಿ,” ಅಂದ ಕರಿಯಣ್ಣ. “ಹೋಗ್ತಾ ಹೋಗ್ತಾ ಆರುತ್ತೆ. ನಡಿ.”